ಹೂಂ ಅಂದಿದ್ದು ಯಾರಿಗೆ

ನಮ್ಮಣ್ಣನ ಹೆಂಡತಿಯನ್ನು ಬಳಗದಲ್ಲೆಲ್ಲ ‘ಹೂಂ ಅತ್ತಿಗೆ’ ಎಂದೇ ಕರೆಯುತ್ತಾರೆ. ಚಿಕ್ಕವರು ಎದುರಿಗೇ ಕರೆಯುತ್ತಾರೆ, ದೊಡ್ಡವರು ಬೆನ್ನ ಹಿಂದೆ. ಅವರಿಗೇನೂ ಬೇಜಾರಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮುಂದೆ ಕೂತು ಊರವರ ದೂರು ಕೇಳುವುದೇ ಅವರ ಕೆಲಸವಾಗಿತ್ತು. ನಲ್ಲಿಯಲ್ಲಿ ನೀರಿಲ್ಲ, ಬಂದ ನೀರು ಕೆಂಪಗಿದೆ, ಪೈಪು ಒಡೆದು ಬೀದಿಯೆಲ್ಲ ಕೆಸರಾಗಿದೆ, ನಿಮ್ಮ ಆಫೀಸಿಗೆ ಬೆಂಕಿ ಬೀಳ. ಎಲ್ಲದಕ್ಕೂ ಅತ್ತಿಗೆ “ಹೂಂ, ಹೇಳಿ” ಅನ್ನುತ್ತಿದ್ದರು. ಬೈಯುವವರು ಬೈದು ಸುಸ್ತಾದ ಮೇಲೆ ಇವರು ವಿಳಾಸ ಕೇಳುತ್ತಿದ್ದರು.

ಅವರ ಹೂಂಗೆ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಎಂದಷ್ಟೇ ಅರ್ಥ. ‘ಒಪ್ಪಿದೆ’ ಎಂದಲ್ಲ. ಒಪ್ಪಿಗೆಯಾದರೆ “ಆಗ್ಲಿ” ಅನ್ನುತ್ತಾರೆ. ಆಗದಿದ್ದರೆ ಎದುರಿನವರ ಮಾತು ಮುಗಿಯುವ ತನಕ ಕಾದು, “ಅದು ಹಾಗಲ್ಲ” ಎಂದು ಮೆತ್ತಗೆ ಶುರು ಮಾಡುತ್ತಾರೆ. ಒಮ್ಮೆ ಬೆಡ್‌ಶೀಟ್ ಮಾರುವವನೊಬ್ಬ ಇವರ ಹೂಂ ನಂಬಿ ಗಂಟಿನಲ್ಲಿದ್ದುದನ್ನೆಲ್ಲ ಬಾಗಿಲಲ್ಲಿ ಬಿಡಿಸಿ ಹರಡಿದ್ದ. ಕೊನೆಗೆ ಅತ್ತಿಗೆ “ಎಲ್ಲಾ ಚೆನ್ನಾಗಿವೆ, ಆದ್ರೆ ನಮಗೆ ಬೇಡಪ್ಪ” ಅಂದರು. ಅವನು ಮಡಚುತ್ತಾ ಗೊಣಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅಣ್ಣ ಲಾರಿ ಓಡಿಸುತ್ತಿದ್ದ. ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತವು. ಪುಣ್ಯಕ್ಕೆ ಮಾತು ಉಳಿಯಿತು, ಆದರೆ ದನಿ ಕುಗ್ಗಿಹೋಯಿತು. ಮನೆಯೊಳಗೆ ಕೂರಿಸಿದರೆ ಅವನಿಗೆ ಉಸಿರು ಕಟ್ಟಿದಂತಾಗುತ್ತದೆ, ಎಲ್ಲರ ಮೇಲೂ ಸಿಡುಕುತ್ತಾನೆ. ಹಾಗಾಗಿ ತಿಂಡಿ ಆದ ಕೂಡಲೇ ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಬೇಕು. ಬಿಸಿಲು ತಿರುಗಿದ ಹಾಗೆ ಕುರ್ಚಿಯನ್ನೂ ತಿರುಗಿಸಬೇಕು. ತಾನೇ ಏಳಲು ಅವನಿಂದಾಗದು.

ಒಲೆ ಕಟ್ಟೆಯ ಮೇಲೆ ಹಿತ್ತಲಿಗೆ ತೆರೆಯುವ ಒಂದು ಪುಟ್ಟ ಕಿಟಕಿ ಇತ್ತು. ಅತ್ತಿಗೆ ಒಳಗೆ ತರಕಾರಿ ಹೆಚ್ಚುತ್ತಾ, ಅವನು ಹೊರಗೆ ಕೂತು, ಇಬ್ಬರೂ ಇಡೀ ದಿನ ಆ ಕಿಟಕಿಯಲ್ಲೇ ಸಂಸಾರ ಮಾಡುತ್ತಿದ್ದರು. ಪಕ್ಕದ ಮನೆಯವನ ಸ್ಕೂಟರ್ ಇವತ್ತೂ ಸ್ಟಾರ್ಟ್ ಆಗಲಿಲ್ಲ, ಬೆಕ್ಕು ಮತ್ತೆ ಹೂವಿನ ಕುಂಡ ಕೆದಕಿತು, ಉಪ್ಪು ಹಾಕಿದೆಯೋ ಇಲ್ಲವೋ. ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. ಆದರೆ ಕಿಟಕಿ ಎತ್ತರದಲ್ಲಿತ್ತು. ಮಾತು ಕೇಳುತ್ತಿತ್ತು, ಮುಖ ನೋಡಬೇಕಾದರೆ ಅತ್ತಿಗೆ ತುದಿಗಾಲಲ್ಲಿ ನಿಲ್ಲಬೇಕಿತ್ತು.

ನಿವೃತ್ತಿಯ ಹಣ ಕೈಗೆ ಬಂದಾಗ ಅವರು ಆಸೆಪಟ್ಟಿದ್ದು ಒಂದೇ. “ಆ ಕಿಟಕಿ ಸ್ವಲ್ಪ ಕೆಳಗಿಳಿಸಿ ದೊಡ್ಡದು ಮಾಡಿಸ್ಬೇಕು ಕಣೇ. ಕೆಲಸ ಮಾಡ್ತಾ ಅವರನ್ನ ನೋಡ್ಕೊಂಡಿರಬಹುದು.” ಒಳ್ಳೆಯದೇ ಅಲ್ಲವೇ ಎಂದು ನಾನೇ ಒಬ್ಬ ಕಾಂಟ್ರಾಕ್ಟರನ್ನು ಕರೆಸಿದೆ. ಅವನು ಗೋಡೆ ತಟ್ಟಿ ನೋಡಿ, ಟೇಪು ಎಳೆದು, “ಹೇಗೂ ಗೋಡೆ ಒಡೀತೀವಲ್ಲ ಮೇಡಂ, ಟೈಲ್ಸ್ ಬದಲಾಯಿಸಿಬಿಡೋಣ” ಅಂದ. ಹೇಗೂ ಟೈಲ್ಸ್ ತೆಗೀತೀವಲ್ಲ, ಕಟ್ಟೆಗೆ ಗ್ರಾನೈಟ್ ಹಾಕೋಣ. ಹೇಗೂ ಕಟ್ಟೆ ಹೊಸದಾಗುತ್ತಲ್ಲ, ಹಳೇ ಕಪಾಟು ಯಾಕೆ? ಅವತ್ತೇ ನಾನು ಅವನಿಗೆ ‘ಹೇಗೂ’ ಎಂದು ಹೆಸರಿಟ್ಟೆ. ಅಂಗಿ ಗುಂಡಿ ಹೊಲಿಸಲು ಬಂದವರಿಗೆ ಸೂಟು ಹೊಲಿಸಿ ಕಳಿಸುವ ಜಾತಿ. ನಾನೂ ಮನೆಯಲ್ಲಿ ಬಟ್ಟೆ ಹೊಲಿಯುವವಳೇ, ಈ ವಿದ್ಯೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅತ್ತಿಗೆಗೂ ಒಳಗೊಳಗೇ ಆಸೆ ಹುಟ್ಟಿತ್ತು. ಜೀವಮಾನವೆಲ್ಲ ಅಲುಗಾಡುವ ಕಪಾಟಿನ ಬಾಗಿಲಿಗೆ ಕಾಗದ ಮಡಚಿ ಸಿಕ್ಕಿಸಿದವರು. ಕೊನೆಗೆ “ಆಗ್ಲಿ” ಅಂದರು.

ಅಣ್ಣನಿಗೆ ಧೂಳು ಆಗದು. ಕೆಲಸ ಮುಗಿಯುವ ತನಕ ಇಬ್ಬರೂ ಪಕ್ಕದ ಬೀದಿಯ ನನ್ನ ಮನೆಗೆ ಬಂದರು. ಹೇಗೂ ಆಗಾಗ ಅತ್ತಿಗೆಯ ಫೋನಿಗೆ ಚಿತ್ರ ಕಳಿಸುತ್ತಿದ್ದ. ಒಲೆಯ ಗೋಡೆಯ ಚಿತ್ರದಲ್ಲಿ ಕಟ್ಟೆಯ ಮೇಲೆ ಬೆಳಕು ಚೆಲ್ಲಿತ್ತು. “ನೋಡಿ, ಎಷ್ಟು ಬೆಳಕು ಬರ್ತಿದೆ” ಎಂದು ಅತ್ತಿಗೆ ಅದನ್ನು ಅಣ್ಣನಿಗೂ ತೋರಿಸಿ ಹಿಗ್ಗಿದರು. ನಾನೂ ನೋಡಿದೆ. ಅದು ಕಪಾಟಿನ ಕೆಳಗೆ ಕೂರಿಸುವ ದೀಪದ ಬೆಳಕು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಮರಳಿದ ದಿನ ಅಡುಗೆಮನೆ ಥಳಥಳ ಹೊಳೆಯುತ್ತಿತ್ತು. ಡ್ರಾಯರು ತಳ್ಳಿದರೆ ಸದ್ದಿಲ್ಲದೆ ತಾನೇ ಒಳಗೆ ಹೋಗುತ್ತಿತ್ತು. ಮೂಲೆಯ ಕಪಾಟಿನ ತಟ್ಟೆ ಗಿರ್ರನೆ ತಿರುಗಿ ಹೊರಗೆ ಬರುತ್ತಿತ್ತು. ಒಲೆಯ ಮೇಲೆ ಹೊಗೆ ಎಳೆಯುವ ದೊಡ್ಡ ಕರೆಂಟಿನ ಚಿಮಣಿ, ಅದರ ಎರಡೂ ಬದಿಗೆ ಕಪಾಟು. ಕಿಟಕಿ ಎಲ್ಲಿ? ಕಿಟಕಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಲೋಟ ಜೋಡಿಸುವ ಕಪಾಟು ಕೂತಿತ್ತು. ಅತ್ತಿಗೆ ಅದರ ಬಾಗಿಲು ತೆರೆದು, ಒಳಗೆ ಕೈ ಹಾಕಿ, ಹಿಂದಿನ ಗೋಡೆಯನ್ನು ಸವರಿ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರೆ. ಇಲ್ಲಿ ಅಪ್ಪನೂ ಆಗಲಿಲ್ಲ, ಕಿಟಕಿ ಮಾಡಲು ಹೋದವರು ಗೋಡೆ ಮಾಡಿಟ್ಟರು. ಅತ್ತಿಗೆ ಜೀವಮಾನವೆಲ್ಲ ಊರವರ ಬೈಗುಳ ನುಂಗಿ ಗಳಿಸಿದ್ದಕ್ಕೆ ಸಿಕ್ಕಿದ್ದು ಸದ್ದು ಮಾಡದ ಡ್ರಾಯರು, ಮತ್ತು ಬೇರೆ ಯಾವ ಸದ್ದೂ ಕೇಳದಂತೆ ಮಾಡುವ ಚಿಮಣಿ. ನೋಡಲು ಬಂದವರು “ಏನ್ ಚೆನ್ನಾಗಿದೆ ರೀ!” ಎಂದಾಗಲೆಲ್ಲ ನನಗೆ ಹಲ್ಲು ಕಡಿಯುವಂತಾಗುತ್ತಿತ್ತು.

ಹೇಗೂಗೆ ಫೋನು ಮಾಡಿದರೆ ಬೇರೆ ಕಡೆ ಕೆಲಸದಲ್ಲಿದ್ದೇನೆ, ಬರುತ್ತೇನೆ ಅನ್ನುತ್ತಿದ್ದ. ಅಷ್ಟರಲ್ಲಿ ನಾನೊಂದು ಕರೆಗಂಟೆ ತಂದು, ಅದರ ಒತ್ತುಗುಂಡಿಯನ್ನು ಅಣ್ಣನ ಕುರ್ಚಿಯ ಕೈಗೆ ಕಟ್ಟಿದೆ. “ಹೆಂಡ್ತೀನ ಬೆಲ್ ಹೊಡೆದು ಕರೆಯೋಕೆ ನಾನೇನು ಸಾಹೇಬನಾ? ಬಿಚ್ಚೇ ಅದನ್ನ” ಅಂದ. ಬಿಚ್ಚುವ ತನಕ ಊಟ ಮಾಡಲಿಲ್ಲ. ಕೈಕಾಲು ಸೋತರೂ ಹಟ ಸೋತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹಿಂದಿನ ಗೇಟಿನಿಂದ ಹೋದಾಗ ಅಣ್ಣ ಸುಡುಬಿಸಿಲಲ್ಲಿ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು, ತುಟಿ ಒಣಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಗೋಡೆಯ ಆಚೆ ಚಿಮಣಿ ಭೋರೆಂದು ಸದ್ದು ಮಾಡುತ್ತಿತ್ತು. ನಾನು ಕಿರುಚಿಕೊಂಡು ಒಳಗೆ ಓಡಿದೆ. ಅತ್ತಿಗೆ ಈರುಳ್ಳಿ ಹುರಿಯುತ್ತಿದ್ದರು. ಇಬ್ಬರೂ ಸೇರಿ ಅವನನ್ನು ನೆರಳಿಗೆ ಎಳೆದು, ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನು “ಕೂಗಿದೆ” ಅಂದ. “ಕೂಗಿ ಕೂಗಿ ಸಾಕಾಯ್ತು. ಆಮೇಲೆ ಸುಮ್ನಾದೆ.” ಒಳಗೆ ಈರುಳ್ಳಿ ಸೀದು ವಾಸನೆ ಬರುತ್ತಿತ್ತು. ಅತ್ತಿಗೆ ಅವನ ಮಂಡಿಯ ಮೇಲೆ ತಲೆಯಿಟ್ಟು ಅತ್ತರು. ಅವರು ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮರುದಿನ ನಾನೇ ಹೇಗೂನ ಹೊಸ ಕೆಲಸದ ಜಾಗಕ್ಕೆ ಹೋಗಿ, ಅವನನ್ನು ಅವನ ಬೈಕಿನಲ್ಲೇ ಕೂರಿಸಿಕೊಂಡು ಬಂದೆ. ಅಂದರೆ ಓಡಿಸಿದವನು ಅವನು, ಹಿಂದೆ ಕೂತು ದಾರಿಯುದ್ದಕ್ಕೂ ಬೈದವಳು ನಾನು. ಅಣ್ಣನನ್ನೂ ಅಡುಗೆಮನೆಗೆ ಕರೆತಂದು ಕುರ್ಚಿ ಹಾಕಿದೆವು.

“ಕಿಟಕಿ ಯಾಕ್ರೀ ಮುಚ್ಚಿದ್ರಿ?” ಎಂದು ಅತ್ತಿಗೆ ಕೇಳಿದರು.

“ನಿಮ್ಮನ್ನ ಕೇಳೇ ಮುಚ್ಚಿದ್ದು ಮೇಡಂ. ಅಕ್ಕ ಇಲ್ಲದ ದಿನ ಬಂದಾಗ ಇದೇ ಜಾಗದಲ್ಲಿ ನಿಂತು ಹೇಳ್ದೆ, ಕಿಟಕಿ ದೊಡ್ಡದು ಮಾಡೋ ಬದಲು ಮುಚ್ಚಿಬಿಟ್ರೆ ಪೂರ್ತಿ ಗೋಡೆ ಸಿಗುತ್ತೆ, ಮುಚ್ಚೋಣ್ವಾ ಅಂತ. ನೀವು ಹೂಂ ಅಂದ್ರಿ.”

“ಅವರು ಎಲ್ಲದಕ್ಕೂ ಹೂಂ ಅಂತಾರೆ ಕಣಯ್ಯಾ!” ಎಂದು ನಾನು ರೇಗಿದೆ. “ನಿನ್ನ ಟೈಲ್ಸ್ ಪುರಾಣಕ್ಕೂ ಹೂಂ ಅಂದ್ರು.”

“ಇಲ್ಲಾ ಅಕ್ಕಾ, ಇದು ಹಾಗಲ್ಲ. ಜೋರಾಗಿ ಹೂಂ ಅಂದ್ರು. ಅಂದು, ಚಾಕು ಕೆಳಗಿಟ್ಟು ಹೊರಗೆ ಹೋದ್ರು. ನಾನು ಇನ್ನೇನು ತಿಳ್ಕೊಳ್ಳಲಿ? ಅವರು ವಾಪಸ್ ಬಂದಾಗ ಸಿಂಕಿನ ವಿಷಯ ಶುರು ಮಾಡ್ದೆ.”

ಅತ್ತಿಗೆ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಣ್ಣ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ.

“ಅದು ನನಗೆ ಅಂದಿದ್ದು” ಅಂದ.

ಎಲ್ಲರೂ ಅವನ ಕಡೆ ತಿರುಗಿದೆವು.

“ಲೇ, ಅವತ್ತು ಬಿಸಿಲು ಬಂತು, ಕುರ್ಚಿ ಸರಿಸ್ತೀಯಾ ಅಂತ ನಾನು ಕೂಗಿದೆ. ನೀನು ಒಳಗಿಂದ ಹೂಂ ಅಂದೆ. ಬಂದು ಸರಿಸಿದೆ.” ಹೇಗೂ ಕಡೆ ತಿರುಗಿದ. “ಅದು ನನಗೆ ಅಂದಿದ್ದು ಕಣಯ್ಯಾ, ನಿನಗಲ್ಲ!”

ಬೈಕಿನ ಮೇಲೆ ನಾನು ಕೂಡಿಟ್ಟಿದ್ದ ಬೈಗುಳ ಇನ್ನೂ ಅರ್ಧ ಬಾಕಿ ಇತ್ತು, ಆದರೆ ಆಡಲು ಮನಸ್ಸಾಗಲಿಲ್ಲ. ಯಾರನ್ನು ಬೈಯುವುದು? ಅಣ್ಣ ಅದೇ ಕಿಟಕಿಯಿಂದ ಕೂಗಿದ್ದಕ್ಕೆ ಆ ಕಿಟಕಿ ಮುಚ್ಚಿಹೋಗಿತ್ತು. ಅವನು ಸುಮ್ಮನೆ ಬಿಸಿಲು ತಿಂದಿದ್ದರೆ ಉಳಿಯುತ್ತಿತ್ತು.

ಹೇಗೂ ತಲೆ ಕೆರೆದುಕೊಂಡು ಲೆಕ್ಕ ಶುರು ಮಾಡಿದ. ಮತ್ತೆ ಒಡೆದರೆ ಈ ಕಪಾಟು ಹೋಗುತ್ತದೆ, ಚಿಮಣಿಯ ಕೊಳವೆ ತಿರುಗಿಸಬೇಕು, ಈ ಬಣ್ಣದ ಟೈಲ್ಸ್ ಈಗ ಬರುತ್ತಿಲ್ಲ, ತೇಪೆ ಹಾಕಿದರೆ ಎದ್ದು ಕಾಣುತ್ತದೆ. ತಪ್ಪು ತನ್ನದೂ ಇರುವುದರಿಂದ ಕೂಲಿ ಬಿಡಬಹುದು, ತನ್ನದೊಬ್ಬನದೇ ಅಲ್ಲವಾದ್ದರಿಂದ ಸಾಮಾನಿನ ಖರ್ಚು ಬಿಡಲಾಗದು. “ಇಷ್ಟು ಚೆನ್ನಾಗಿ ಬಂದಿರೋದನ್ನ ಯಾರಾದ್ರೂ ಕೆಡಿಸ್ತಾರಾ ಮೇಡಂ?” ಅಂದ.

“ಬೇಡ ಬಿಡು” ಅಂದ ಅಣ್ಣ. “ಇನ್ಮೇಲೆ ನಾನು ಒಳಗೇ ಕೂತ್ಕೋತೀನಿ. ಏನಾಗುತ್ತೆ?”

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಎಲ್ಲರಿಗೂ ಸುಲಭದ ದಾರಿ ಅದೇ. ಅತ್ತಿಗೆ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಅಣ್ಣನ ಎದುರು ಬಂದು ನಿಂತರು.

“ನೀವು ಸುಮ್ನಿರಿ! ನಿಮ್ಮನ್ನ ಒಳಗೆ ಕೂಡಿಹಾಕೋಕೆ ನಾನು ಇಷ್ಟು ದುಡ್ಡು ಸುರಿದಿಲ್ಲ.” ಆಮೇಲೆ ಹೇಗೂ ಕಡೆ ತಿರುಗಿದರು. “ಒಡೀರಿ. ಟೈಲ್ಸ್ ಯಾವ ಬಣ್ಣದ್ದಾದ್ರೂ ಹಾಕಿ.”

“ಹೂಂ” ಅಂದ ಹೇಗೂ.

“ಹೂಂ ಅಂದ್ರೆ? ಒಡೀತೀನಿ ಅಂತಾನಾ, ಕೇಳಿಸ್ತು ಅಂತಾನಾ?”

“ಒಡೀತೀನಿ ಮೇಡಂ.”

ಬರುತ್ತೇನೆಂದ ದಿನ ಅವನು ಬರಲಿಲ್ಲ, ಹೇಳಿದ ದಿನ ಬರುವ ಪದ್ಧತಿ ಕಾಂಟ್ರಾಕ್ಟರುಗಳ ಕುಲಕ್ಕೇ ಇಲ್ಲ. ನಾನು ಮತ್ತೆರಡು ಸಲ ಹೋಗಿ ಕೂಗಾಡಿದ ಮೇಲೆ ಕೆಲಸದವರು ಬಂದರು. ಕಪಾಟು ಬಿಚ್ಚಿದರು. ನನ್ನ ಮನೆಗೆ ಹೋಗೋಣವೆಂದರೆ ಅಣ್ಣ ಒಪ್ಪಲಿಲ್ಲ, ಹಿತ್ತಲಲ್ಲೇ ದೂರದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತ. ಒಳಗೆ ಅತ್ತಿಗೆಯೂ ನಾನೂ ಸುತ್ತಿಗೆಯ ಪೆಟ್ಟಿಗೆ ಬೆಚ್ಚಿ ಬೆಚ್ಚಿ ನಿಂತಿದ್ದೆವು. ಹೊಸ ಟೈಲ್ಸ್ ಚೂರುಚೂರಾಗಿ ಹೊಸ ಗ್ರಾನೈಟಿನ ಮೇಲೆ ಬೀಳುತ್ತಿದ್ದವು. ಕೊನೆಗೆ ಒಂದು ಇಟ್ಟಿಗೆ ಆಚೆಗೆ ಬಿದ್ದು, ಮುಷ್ಟಿಯಷ್ಟು ತೂತಾಯಿತು. ತಕ್ಷಣ ಅದರೊಳಗಿಂದ ಅಣ್ಣನ ಸೋತ ದನಿ, ಸಿಟ್ಟಿನಿಂದ ಕೀರಲಾಗಿ, ಒಳಗೆ ಬಂತು.

“ಲೇ, ನಿಧಾನಕ್ಕೆ ಹೊಡೆಯೋಕೆ ಹೇಳೇ ಅವರಿಗೆ! ಧೂಳೆಲ್ಲ ನನ್ನ ಕಣ್ಣಿಗೇ ಬೀಳ್ತಿದೆ!”