ಲ್ಯಾಪ್‌ಟಾಪಿಗೆ ಶಾಲು

ಕುಷ್ಟಗಿ ಕಡೆಯ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಆ ವರ್ಷ ನಮ್ಮ ಕಂಪ್ಯೂಟರ್ ಕೋಣೆಯ ಮೇಲೆ ಶಾಲಾ ಸಮಿತಿಯ ಅಧ್ಯಕ್ಷರ ಕಣ್ಣು ಬಿತ್ತು. ಇರುವುದೇ ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು. ಅದಕ್ಕೆ ಇಡೀ ಕೋಣೆ ಯಾಕೆ, ಬಿಸಿಯೂಟದ ಅಕ್ಕಿ ಚೀಲ ಇಡೋಣ ಎಂದರು. ನನ್ನ ಮೈಯೆಲ್ಲ ಉರಿಯಿತು. ಮಕ್ಕಳು ಗಣಿತಕ್ಕೆ ಹೆದರದೆ ಕೂರುತ್ತಿದ್ದದ್ದು ಅದೊಂದೇ ಕೋಣೆಯಲ್ಲಿ. "ಮೊದಲ ಬಂದು ನೋಡ್ರಿ, ಆಮ್ಯಾಲ ಚೀಲ ಇಡ್ರಿ" ಎಂದುಬಿಟ್ಟೆ.

ತೋರಿಸಬೇಕಾದದ್ದು ಗಣಿತದ ಒಂದು ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇಷ್ಟನ್ನು ಹೆಡ್‌ಮಾಸ್ತರರಿಗೆ ಬಿಡಿಸಿ ಹೇಳಿದೆ. ಯಾರೋ ಮಹನೀಯರು ಶಾಲೆಗೆ ದಾನ ಕೊಟ್ಟಿದ್ದಾರೆ ಎಂದು ಅವರು ತಿಳಿದರು. ಕುಷ್ಟಗಿಗೆ ಹೋಗಿ ಶಾಲು, ಹಾರ, ಹಣ್ಣಿನ ಬುಟ್ಟಿ ತಂದೇಬಿಟ್ಟರು.

ತೋರಿಸುವ ದಿನ ಕೋಣೆ ತುಂಬ ಸಮಿತಿಯವರು, ತಂದೆತಾಯಂದಿರು. ಗೋಡೆಯ ಮೇಲೆ ತ್ರಿಕೋನ ಮೂಡಿಸಿದೆ. "ಯಾವ ಮೂಲಿ ಹಿಡದು ಹ್ಯಾಂಗ ಎಳದ್ರೂ ಮೂರು ಕೋನ ಕೂಡಿಸಿದ್ರ ನೂರಾ ಎಂಬತ್ತ ನೋಡ್ರಿ" ಎಂದು ಎಳೆದು ತೋರಿಸಿದೆ. ಮೊತ್ತ ಅಲ್ಲಾಡಲಿಲ್ಲ. ಚಪ್ಪಾಳೆಗೆ ಕಾದೆ.

"ನಮ್ಮ ಹೊಲದ ಬದುನೂ ಹಿಂಗ ಎಳದಾರ್ರಿ ಟೀಚರ್" ಎಂದ ಹಿಂದೆ ಕೂತ ಒಬ್ಬ ರೈತ.

ಎಳೆದವನು ಮುಂದಿನ ಸಾಲಿನಲ್ಲೇ ಕೂತಿದ್ದ! ಎದ್ದು ನಿಂತ. "ಟೀಚರ ಹೇಳ್ಯಾರಲ್ಲೋ, ಎಷ್ಟು ಎಳದ್ರೂ ಲೆಕ್ಕ ಅಷ್ಟ ಇರತೈತಿ ಅಂತ!"

"ಯಪ್ಪಾ, ಅದು ಕೋನದ ಮಾತ್ರೀ, ಹೊಲದ್ದಲ್ಲ!" ಎಂದು ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಸಮಿತಿಯಲ್ಲಿದ್ದ ದರ್ಜಿ ಚಾಚಾ ಜಗಳ ತಣ್ಣಗಾಗಲಿ ಎಂದು ಮಾತು ತಿರುಗಿಸಿದರು.

"ಇದಕ್ಕೆಷ್ಟು ಕೊಟ್ರಿ ಟೀಚರ್?"

"ಪುಕ್ಕಟ ಐತ್ರಿ ಚಾಚಾ."

ಚಾಚಾ ಹುಬ್ಬೇರಿಸಿದರು. "ಪುಕ್ಕಟ? ಎಲೆಕ್ಷನ್ ಬಂತೇನ್ರಿ?"

ಇದೇ ಸಮಯವೆಂದು ಹೆಡ್‌ಮಾಸ್ತರರು ಶಾಲು ಬಿಡಿಸಿಕೊಂಡು ಎದ್ದರು. "ಕೊಟ್ಟವರು ಎಲ್ಲಿ ಅದಾರ ಟೀಚರ್?"

"ಒಬ್ಬರಲ್ರಿ ಸರ್. ಮಾಡಿದವರು ದೇಶದೇಶದಾಗ ಅದಾರ. ಒಬ್ಬರ ಮಾರಿ ಒಬ್ಬರು ನೋಡಿಲ್ಲ."

ಹೆಡ್‌ಮಾಸ್ತರರ ಮುಖ ಬಾಡಿತು. ಅಧ್ಯಕ್ಷರು ಕೈಬಿಡಲಿಲ್ಲ. "ತಂದ ಶಾಲು ತಿರುಗಿ ಒಯ್ಯಬಾರದ್ರಿ. ಅವರ ಪರವಾಗಿ ಇದಕ್ಕ ಹೊಚ್ಚರಿ."

ಹೊದಿಸಿದರು. ಹಾರ ಹಾಕಿದರು. ಲ್ಯಾಪ್‌ಟಾಪಿನ ಬೆನ್ನಿಗೆ ಕುಂಕುಮವೂ ಬಿತ್ತು. ಶಾಲಿನೊಳಗೆ ಫ್ಯಾನು ಗೊರಗೊರ ಎಂದು, ಕಾದು, ಬಂದಾಯಿತು. ಗೋಡೆಯ ಮೇಲಿನ ತ್ರಿಕೋನ ಮಾಯ. ಆಗ ಬಿತ್ತು ನೋಡಿ ಚಪ್ಪಾಳೆ! ವಂದನಾರ್ಪಣೆಯೂ ಮುಗಿಯಿತು. ಲ್ಯಾಪ್‌ಟಾಪು ತಿನ್ನುವುದಿಲ್ಲವಲ್ಲ, ಹಣ್ಣಿನ ಬುಟ್ಟಿಯನ್ನು ಅಧ್ಯಕ್ಷರೇ ಒಯ್ದರು.

ಹೋಗುವಾಗ ಹೇಳಿದರು, "ಸನ್ಮಾನ ಮಾಡಿದ ಮ್ಯಾಲ ಹೊರಗ ಹಾಕಾಕ ಬರಂಗಿಲ್ರಿ. ಖೋಲಿ ಇದಕ್ಕ ಇರ್ಲಿ." ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

ಮರುದಿನ ನೋಡಿದರೆ ಬಾಗಿಲಿಗೆ ಬೀಗ. ಕೀಲಿ ಅಧ್ಯಕ್ಷರ ಉಡದಾರದಲ್ಲಿ. "ಶಾಲು ಹೊಚ್ಚಿದವರನ್ನ ಹುಡುಗರು ಮುಟ್ಟಿ ಆಡೂದು ಛಲೋ ಅಲ್ರಿ" ಎಂದರು. ಅಕ್ಕಿ ಚೀಲಗಳು ಒಂಬತ್ತನೇ ಕ್ಲಾಸಿಗೆ ಬಂದವು. ಮಕ್ಕಳು ವರಾಂಡದಲ್ಲಿ ಕೂತು, ಕಿಟಕಿಯಿಂದ ಇಣುಕಿ, ಹಾರ ಹಾಕಿಕೊಂಡ ಲ್ಯಾಪ್‌ಟಾಪಿನ ದರ್ಶನ ಮಾಡತೊಡಗಿದರು. ಅಳಬೇಕೋ ನಗಬೇಕೋ ತಿಳಿಯದೆ ನಾನು ಸಿಟ್ಟಿನಲ್ಲೇ ಅಧ್ಯಕ್ಷರ ದಾಳಿಂಬೆ ತೋಟಕ್ಕೆ ನಡೆದೆ.

"ಅಧ್ಯಕ್ಷರ, ಸನ್ಮಾನ ಆದವರು ಎರಡು ಮಾತು ಆಡಬೇಕೋ ಬ್ಯಾಡೋ?"

"ಆಡಬೇಕ್ರಿ ಮತ್ತ."

"ಇವರು ಆಡ್ಯಾರೇನು?"

ಅವರು ಗಿಡ ಸವರುತ್ತಿದ್ದ ಕತ್ತರಿ ಕೆಳಗಿಟ್ಟರು. ಅತಿಥಿಗೆ ಬಾಯಿ ಬಿಡಲು ಬಿಡದೆ ವಂದನಾರ್ಪಣೆ ಮುಗಿಸಿದ್ದು ಆಗ ಹೊಳೆಯಿತು. "ಅಯ್ಯ, ಭಾಳ ತಪ್ಪಾತಲ್ರೀ!"

ಮರುದಿನ ತಾವೇ ಬೀಗ ತೆಗೆದು, ಶಾಲು ಸರಿಸಿ ಮಡಚಿ, ಮಕ್ಕಳ ನಡುವೆ ಕೈಕಟ್ಟಿ ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು ತ್ರಿಕೋನದ ಮೂಲೆ ಎಳೆದರು. ಪಿರಿಯಡ್ ಮುಗಿಯಿತು, ಇನ್ನೊಂದು ಶುರುವಾಯಿತು.

"ಎರಡು ಮಾತು ಅಂದ್ರ ಇನ್ನೂ ಎಷ್ಟೊತ್ತು ಟೀಚರ್?"

"ಮಾಡಿದವರು ಭಾಳ ಮಂದಿ ಅದಾರ್ರಿ ಅಧ್ಯಕ್ಷರ. ಒಬ್ಬೊಬ್ಬರೂ ಎರಡೆರಡು ಮಾತು ಆಡಬೇಕಲ್ಲ."

ಅವರು ನಿಟ್ಟುಸಿರು ಬಿಟ್ಟರು. ಉಡದಾರದಿಂದ ಕೀಲಿ ಬಿಚ್ಚಿ ನನ್ನ ಕೈಗಿಟ್ಟು ತೋಟಕ್ಕೆ ಹೋದರು.