ಅಮ್ಮ ಮಾತಾಡುತ್ತಿದ್ದ ಕೋಣೆ

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅಮ್ಮ ಮಾತು ಕಡಿಮೆ ಮಾಡಿದಳು. ಜಗಳವಾಗಿ ಅಲ್ಲ. ಸಾರಿಗೆ ಉಪ್ಪು ಹಾಕಿದೆಯಾ, ಹಾಲಿನವನು ಬಂದನಾ ಎಂದು ಬೇಕಾದಷ್ಟನ್ನು ಮಾತ್ರ ಕೇಳುತ್ತಿದ್ದಳು. ಉಳಿದ ಹೊತ್ತು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ನಲ್ಲಿಯ ಕೆಳಗಿನ ಬಿಂದಿಗೆ ತುಂಬಿ ಹರಿದರೂ ಏಳುತ್ತಿರಲಿಲ್ಲ. ಹನುಮಂತನಗರದ ನಮ್ಮ ಮಾಮೂಲಿ ಡಾಕ್ಟರು ಮೂರು ತಿಂಗಳು ಟಾನಿಕ್ ಕೊಟ್ಟು ನೋಡಿದರು. ಕೊನೆಗೆ ಅಪ್ಪನನ್ನು ಪಕ್ಕಕ್ಕೆ ಕರೆದು, ಇದು ಮೈಯ ಕಾಯಿಲೆಯಲ್ಲ, ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದರು.

ಅಪ್ಪ ಊರಾಚೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನೌಕರರ ಮನೆಯವರಿಗೂ ಸೇರಿಸಿ ಕಾರ್ಖಾನೆ ವಿಮೆ ಮಾಡಿಸಿತ್ತು. ವಿಮೆಯವರ ಪಟ್ಟಿಯಲ್ಲಿರುವ ಡಾಕ್ಟರಿಗೇ ತೋರಿಸಬೇಕು, ಮೂರು ತಿಂಗಳಿಗೊಮ್ಮೆ ಕಾರ್ಖಾನೆಯಿಂದ ಅನುಮತಿ ಪತ್ರ ತಂದು ಅಲ್ಲಿ ಕೊಡಬೇಕು, ಅಷ್ಟೆ. ಆದರೆ ಆ ಪತ್ರ ಬರೆಯುವ ಗುಮಾಸ್ತ ಅಪ್ಪನ ಜೊತೆ ಒಂದೇ ಬಸ್ಸಿನಲ್ಲಿ ಬರುವವನು. ಮನಸ್ಸಿನ ಡಾಕ್ಟರ್ ಎಂದು ಅಪ್ಪ ಯಾರ ಮುಂದೆಯೂ ಹೇಳಲಿಲ್ಲ, ನರದ ಡಾಕ್ಟರ್ ಅಂದರು. ಹುಡುಕುವ ಕೆಲಸವನ್ನು ನನಗೆ ಬಿಟ್ಟರು.

ನಾನು ಮೊದಲು ಹೋದದ್ದು ಮಲ್ಲೇಶ್ವರಂಗೆ. ಹೂವಿನ ಪರದೆ, ಗಾಜಿನ ಹೂದಾನಿ, ವಿದೇಶದಲ್ಲಿ ಓದಿ ಬಂದ ಡಾಕ್ಟರು. ಅಮ್ಮನನ್ನು ಇಲ್ಲಿಗೇ ಕರೆತರಬೇಕು ಎನ್ನಿಸಿತು. ಆದರೆ ಮೇಜಿನ ಹಿಂದಿದ್ದ ಹೆಂಗಸು ಕಂಪನಿ ಪತ್ರವನ್ನೆಲ್ಲ ತಾವು ತೆಗೆದುಕೊಳ್ಳುವುದಿಲ್ಲವೆಂದು ತಲೆ ಎತ್ತದೆ ಹೇಳಿದಳು. ಅಲ್ಲಿ ಬೆಂಚಿನ ಮೇಲೆ ಒಬ್ಬಳು ರೇಷ್ಮೆ ಸೀರೆಯವಳು ತಾಯಿಯ ಕೈ ಹಿಡಿದು ಕೂತಿದ್ದಳು. ಪತ್ರ, ಪಟ್ಟಿ ಯಾವುದರ ಹಂಗೂ ಇಲ್ಲದ ಅವಳನ್ನು ನೋಡಿ ಹೊಟ್ಟೆ ಉರಿಯಿತು. ಚಾಮರಾಜಪೇಟೆಯ ಡಾಕ್ಟರು ಪಟ್ಟಿಯಲ್ಲಿದ್ದರು, ಆದರೆ ಅವರ ಬಾಗಿಲು ರಸ್ತೆಗೇ ತೆರೆದಿತ್ತು. ಎದುರು ಸಾಲಿನಲ್ಲೇ ನನ್ನ ಸೋದರತ್ತೆಯ ಮನೆ. ಒಂದೇ ದಿನದಲ್ಲಿ ಸುದ್ದಿ ನೆಂಟರಿಗೆಲ್ಲ ಮುಟ್ಟುತ್ತಿತ್ತು.

ಮೂರನೆಯದು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಹಳೆಯ ಮನೆಯ ಮಹಡಿ. ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಮಾತ್ರೆ ಅವರು ಬರೆದುಕೊಡುತ್ತಿದ್ದರು. ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಲು ಒಬ್ಬ ಹೆಂಗಸು ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಮಾತಾಡುವುದಕ್ಕೂ ವಿಮೆ ಕೊಡುತ್ತಾರಾ ಎಂದು ನಾನು ಎರಡೆರಡು ಸಲ ಕೇಳಿದೆ. ತಮ್ಮ ಸಹಿ ಇದ್ದರೆ ಕೊಡುತ್ತಾರೆ ಅಂದರು ಡಾಕ್ಟರು. ಮನೆಗೆ ಬಂದು, ಇದೇ ಸರಿ ಅಂದೆ. ದೊಡ್ಡ ಕೆಲಸ ಮಾಡಿದ ಹೆಮ್ಮೆ ನನಗೆ.

ಮಾತಾಡಿಸುವವಳಿಗೆ ನನಗಿಂತ ಆರೇಳು ವರ್ಷ ಹೆಚ್ಚಿರಬಹುದು. ಹತ್ತಿಯ ಸೀರೆ, ಉದ್ದ ಜಡೆ, ಮೆಲು ದನಿ. ಅಮ್ಮನನ್ನು ಒಳಗೆ ಕರೆದು ಬಾಗಿಲು ಮುಚ್ಚುತ್ತಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಕಾಮರ್ಸ್ ಪುಸ್ತಕ ತೆರೆದುಕೊಂಡು ಕೂರುತ್ತಿದ್ದೆ. ಮೊದಲ ಎರಡು ವಾರ ಒಳಗಿನಿಂದ ಏನೂ ಕೇಳಿಸಲಿಲ್ಲ. ಮೂರನೆಯ ವಾರ ಅಮ್ಮನ ದನಿ ಕೇಳಿಸಿತು. ಪದಗಳು ತಿಳಿಯುತ್ತಿರಲಿಲ್ಲ, ಆದರೆ ಒಂದೇ ಸಮನೆ ಮಾತಾಡುತ್ತಿದ್ದಳು. ಆಮೇಲೊಂದು ದಿನ ನಕ್ಕಳು. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಯಾರೂ ಕೇಳದ ನಗು ಅದು. ಸಂತೋಷವಾಗಬೇಕಿತ್ತು. ಕೈಯಲ್ಲಿದ್ದ ಪುಸ್ತಕವನ್ನು ಬಾಗಿಲಿಗೆ ಎಸೆಯಬೇಕೆನ್ನಿಸಿತು.

ದಿನೇದಿನೇ ಅಮ್ಮ ಸುಧಾರಿಸಿದಳು. ಮಂಗಳವಾರ ಬೆಳಿಗ್ಗೆಯೇ ಸೀರೆ ಆರಿಸಿಡುತ್ತಿದ್ದಳು. ಅನ್ನ ಬಸಿಯುವಾಗ, ತಲೆ ಬಾಚುವಾಗ, ಆ ಹುಡುಗಿ ಹೀಗಂದಳು, ಆ ಹುಡುಗಿ ಹಾಗಂದಳು ಎನ್ನುತ್ತಿದ್ದಳು. ತಾನೇನು ಹೇಳಿದೆ ಎಂಬುದನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿಗೆ ಹೋಗುವಾಗ ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಇಬ್ಬರೂ ಅರ್ಧರ್ಧ ಮುಡಿಯುವುದು ನಮ್ಮ ರೂಢಿಯಾಗಿತ್ತು. ಒಂದು ಶುಕ್ರವಾರ ಅಮ್ಮ ಅದನ್ನು ಹರಿಯಲಿಲ್ಲ. ಎಲೆಯಲ್ಲಿ ಹಾಗೇ ಸುತ್ತಿಕೊಂಡು ಒಳಗೆ ಹೋದಳು. ಬಾಗಿಲು ತೆರೆದಾಗ ಅಷ್ಟೂ ಹೂವು ಆ ಹುಡುಗಿಯ ಜಡೆಯಲ್ಲಿತ್ತು.

ಅದೇ ವಾರ ಅಪ್ಪ ಹೊಸ ಅನುಮತಿ ಪತ್ರ ತಂದು, ಕ್ಲಿನಿಕ್ಕಿಗೆ ಕೊಡು ಎಂದು ನನ್ನ ಕೈಗಿತ್ತರು. ನಾನು ಅದನ್ನು ನನ್ನ ಬಟ್ಟೆಗಳ ಅಡಿಯಲ್ಲಿ ಇಟ್ಟುಬಿಟ್ಟೆ. ಅಮ್ಮನಿಗೆ, "ಇನ್ಮೇಲೆ ಮಾತಾಡೋದಕ್ಕೆ ವಿಮೆ ಕೊಡಲ್ವಂತೆ. ಬರೀ ಮಾತ್ರೆಗೆ ಅಂತೆ," ಅಂದೆ.

ಅಮ್ಮ ಹೌದಾ ಅಂದಳು.

"ನನ್ನ ಹತ್ರ ಮಾತಾಡಮ್ಮ. ನಾನಿಲ್ವಾ," ಅಂದೆ. ಮಂಗಳವಾರ ಕಾಫಿ ಮಾಡಿಕೊಟ್ಟು ಎದುರಿಗೆ ಕೂತೆ. ಕೆಲಸಕ್ಕೆ ಸಂದರ್ಶನ ನಡೆಸುವವರ ಹಾಗೆ ಒಂದೊಂದೇ ಪ್ರಶ್ನೆ ಕೇಳಿದೆ. ನಿದ್ದೆ ಯಾಕೆ ಬರುವುದಿಲ್ಲ, ಯಾರಾದರೂ ಏನಾದರೂ ಅಂದರಾ, ಅಪ್ಪನ ಮೇಲೆ ಕೋಪವಾ. ಏನೂ ಇಲ್ಲ ಪುಟ್ಟಿ ಎನ್ನುತ್ತ ಅವಳು ಲೋಟ ತೊಳೆಯಲು ಎದ್ದಳು. ಹೀಗೆ ಮೂರು ವಾರ ಕಳೆಯಿತು. ಮಾತ್ರೆಗಳನ್ನು ನುಂಗುತ್ತಿದ್ದಳು, ಆದರೂ ಮತ್ತೆ ಕಲ್ಲಿನ ಮೇಲೆ ಕೂರತೊಡಗಿದಳು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಮನೆ ತುಂಬ ಹೊಗೆ. ಹಾಲು ಇಂಗಿ ಪಾತ್ರೆ ಕರಕಲಾಗಿತ್ತು. ಅಮ್ಮ ಒಲೆಯ ಎದುರಿಗೇ ಕೂತು ನೋಡುತ್ತಿದ್ದಳು.

ಒಲೆ ಆರಿಸಿ, ಪಕ್ಕದ ಮನೆಯವರನ್ನು ಅಮ್ಮನ ಜೊತೆ ಕೂರಿಸಿ, ಪತ್ರ ತೆಗೆದುಕೊಂಡು ಕ್ಲಿನಿಕ್ಕಿಗೆ ಓಡಿದೆ. ಅಂದು ಶುಕ್ರವಾರ. ಮಾತಾಡಿಸುವವಳು ಒಬ್ಬಳೇ ಇದ್ದಳು. ಪತ್ರ ತಡವಾಗಿ ಬಂತು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವಳು ಕೂರಲು ಹೇಳಿದ ಕೂಡಲೇ ನನಗೆ ಅಳು ಬಂತು. ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು, ಮಲ್ಲಿಗೆ ಹೂವಿನ ಸಂಕಟ, ಎಲ್ಲ ಹೇಳಿಬಿಟ್ಟೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನಾನೂ ಅವಳ ಮುಂದೆಯೇ ಬಾಯಿ ಬಿಟ್ಟಿದ್ದೆ. ಅದಕ್ಕೂ ಸಿಟ್ಟು ಬಂತು. ಅವಳು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಪತ್ರವನ್ನು ಫೈಲಿನಲ್ಲಿಟ್ಟು, "ನಾಳೆ ಡಾಕ್ಟ್ರು ಬೆಳಿಗ್ಗೇನೇ ಬರ್ತಾರೆ. ನಾನೂ ಬರ್ತೀನಿ. ಕರ್ಕೊಂಡು ಬನ್ನಿ," ಅಂದಳು.

ಅಂದು ಸಂಜೆ ಅಮ್ಮನಿಗೂ ನಿಜ ಹೇಳಿದೆ. ಅವಳು ಸುಟ್ಟ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಕೈ ನಿಲ್ಲಿಸಿದಳು, ಆದರೆ ನನ್ನ ಕಡೆ ತಿರುಗಲಿಲ್ಲ.

"ನಿನ್ನ ಹತ್ರ ಹೇಳಿದ್ರೆ ನೀನು ಅದನ್ನ ಹೊತ್ಕೊಂಡು ತಿರುಗ್ತೀಯ," ಅಂದಳು. "ಅವಳಾದ್ರೆ ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ತಾಳೆ."

ಪಾತ್ರೆ ತೊಳೆದು ಕವುಚಿಟ್ಟು, ಅಪ್ಪನಿಗೆ ಇದನ್ನು ಹೇಳಬೇಡ ಅಂದಳು. ನಾನು ಹೇಳಲಿಲ್ಲ.

ಅಮ್ಮ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಗೆ ಹೋದಳು. ನಿದ್ದೆ ಬರತೊಡಗಿತು, ಅಡುಗೆಗೆ ರುಚಿ ಬಂತು, ನೆರೆಯವರ ಜೊತೆ ಗೇಟಿನ ಬಳಿ ನಿಂತು ಹರಟುವಷ್ಟಾದಳು. ಪತ್ರ ಒಂದು ದಿನವೂ ತಡವಾಗದಂತೆ ನಾನು ನೋಡಿಕೊಂಡೆ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಒಳಗೆ ನಗು ಕೇಳಿದಾಗಲೆಲ್ಲ ಬೆಂಚಿನಿಂದೆದ್ದು ಮೆಟ್ಟಿಲಿಳಿದು ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಆಮೇಲೆ ಆ ಹೆಂಗಸು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆಂದು ತಿಳಿಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವಳ ತೋಳು ಹಿಡಿದು, ಪಾಪ, ಒಳ್ಳೆಯ ಹುಡುಗಿ ಅನ್ನುತ್ತಿದ್ದೆ. ಒಳಗೊಳಗೆ ನನಗೆ ಖುಷಿಯಾಗಿತ್ತು.

ಇನ್ನಾದರೂ ಅಮ್ಮ ನನಗೆ ಹೇಳುತ್ತಾಳೆಂದು ಕಾದೆ. ಆಮೇಲೆ ಎಷ್ಟೋ ವರ್ಷ ನಾವಿಬ್ಬರೂ ಅಕ್ಕಪಕ್ಕ ಕೂತು ಊರ ಸುದ್ದಿಯೆಲ್ಲ ಮಾತಾಡಿದೆವು. ಆ ಕೋಣೆಯಲ್ಲಿ ಆಡಿದ್ದನ್ನು ಅವಳು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.