ಹ್ಯೂರಾನ್ ದಡದಿಂದ ಒಂದು ಉತ್ತರ

ಆರ್ವಿ ಬ್ರೂಬೇಕರನ ಕೆಲಸ ಏನೆಂದು ಕೇಳಿದರೆ ಯಾರಿಗಾದರೂ ನಗು ಬರಬೇಕು. ವಾಟರ್‌ಲೂ ಊರಿನ ಒಂದು ಸಣ್ಣ ಕಂಪನಿ, ತಂತಿಯಿಲ್ಲದೆ ಕಾಗದ ಕಳಿಸುವ ಅಂಗೈಯಗಲದ ಯಂತ್ರ ಮಾಡಿತ್ತು. ಅದನ್ನು ಗಾಡಿಯಲ್ಲಿಟ್ಟುಕೊಂಡು ಊರೂರು ಅಲೆದು, ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಾಯುತ್ತದೆ ಎಂದು ಗುರುತು ಹಾಕುವುದು ಇವನ ಪಾಲಿಗೆ ಬಂದಿತ್ತು. ದಿನಕ್ಕೆ ನೂರು ಸಲ "ತಲುಪಿತಾ?" ಎಂದು ಬರೆಯುತ್ತಿದ್ದ. ಆಫೀಸಿನ ಕಂಪ್ಯೂಟರು ನೂರು ಸಲವೂ "ತಲುಪಿತು" ಎನ್ನುತ್ತಿತ್ತು. ಹೆಂಡತಿ ಲಿಯೋನಾ ತೀರಿಕೊಂಡ ಮೇಲಿನ ಮೂರು ವರ್ಷದಲ್ಲಿ ಅವನ ಜೊತೆ ಇಷ್ಟು ಮಾತಾಡಿದ್ದು ಆ ಕಂಪ್ಯೂಟರೊಂದೇ. ಅರವತ್ತೆರಡರ ಗಂಡಸಿಗೆ ಇದೆಂಥಾ ಬಾಳು ಹೇಳಿ!

ತೊಂಬತ್ತೊಂಬತ್ತರ ಜನವರಿಯಲ್ಲಿ ಯಂತ್ರದ ಬಿಡುಗಡೆ. ಟೊರೊಂಟೊದ ಹೋಟೆಲಿನಲ್ಲಿ ಹಣ ಹೂಡುವ ದೊಡ್ಡವರೆಲ್ಲ ಸೇರಿದ್ದರು. ಅವರು ಕೈಬಿಟ್ಟರೆ ಕಂಪನಿಯೂ ಇಲ್ಲ, ಆರ್ವಿಯ ಕೆಲಸವೂ ಇಲ್ಲ. ಕಂಪನಿಯವರು ಅವನೊಬ್ಬನನ್ನೇ ಹ್ಯೂರಾನ್ ಸರೋವರದ ದಡದ ಹಿಮದಲ್ಲಿ ನಿಲ್ಲಿಸಿದ್ದರು. ಅಲ್ಲಿಂದ ಹೋಟೆಲಿನಲ್ಲಿದ್ದ ಯಂತ್ರಕ್ಕೆ "ಸರೋವರದಿಂದ ನಮಸ್ಕಾರ" ಎಂದು ಕಳಿಸಬೇಕು, ಅಷ್ಟೆ.

ಕಳಿಸಿದ. ಐದು ನಿಮಿಷಕ್ಕೆ ಗಾಡಿಯ ಫೋನು ಬಡಿದುಕೊಂಡಿತು. ಹೋಟೆಲಿನಿಂದ ಕಂಪನಿಯ ಎಂಜಿನಿಯರ್ ಮೊಯ್ರಾ.

"ರೀ ಆರ್ವಿ, ಕೆಟ್ವಿ ಕಣ್ರೀ! ಮುಂದಿನ ಸಾಲಲ್ಲಿರೋ ಮುದುಕ ನಂಬ್ತಾನೇ ಇಲ್ಲ. ‘ಮೊದ್ಲೇ ಒಳಗೆ ತುಂಬಿಟ್ಟಿದ್ದನ್ನ ತೋರಿಸಿ ನಮ್ ಕಿವಿಗೆ ಹೂವಿಡ್ತೀರಾ’ ಅಂತಾನೆ. ತಾನೇ ಏನೋ ಬರೀತಾನಂತೆ. ತಕ್ಷಣ ಉತ್ತರ ಕೊಡಿ, ಇಲ್ಲಾಂದ್ರೆ ಎದ್ದು ಹೋಗ್ತಾರೆ!"

"ಏನು ಬರೀತಾನೆ?"

"ಅವನ ತಲೆ! ನಂಗೇನ್ ಗೊತ್ತು?"

ಯಂತ್ರ ಗುಂಯ್‌ಗುಟ್ಟಿತು. ಆರ್ವಿ ಕನ್ನಡಕ ಒರೆಸಿಕೊಂಡು ಓದಿದ.

"ಸೂಪು ಆರಿಹೋಗ್ತಾ ಇದೆ. ಎಷ್ಟೊತ್ತು ಕಾಯ್ಲಿ? ಬೇಗ ಮನೆಗೆ ಬಾ."

ಮುದುಕ ತಮಾಷೆಗೆ ಬರೆದದ್ದು. ಅವನ ಹೆಂಡತಿ ಹಾಗೆ ಬಯ್ಯುತ್ತಿದ್ದಳೋ ಏನೋ. ಆರ್ವಿ ಮಾತ್ರ ಅದನ್ನು ಮತ್ತೆ ಮೊದಲಿಂದ ಓದಿದ. ಮೂರು ವರ್ಷದಿಂದ ಯಾರೂ ಅವನನ್ನು ಬೇಗ ಬಾ ಎಂದಿರಲಿಲ್ಲ, ತಡವಾಯಿತೆಂದು ಬಯ್ದಿರಲಿಲ್ಲ. ಹೆಬ್ಬೆರಳು ಏಳಲೇ ಇಲ್ಲ.

"ಆರ್ವಿ! ಸತ್ರೇನ್ರೀ? ಇಲ್ಲಿ ಕೋಟು ಹಾಕ್ಕೋತಿದ್ದಾರೆ!" ಎಂದು ಮೊಯ್ರಾ ಅರಚಿದಳು.

ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ: "ಬಯ್ಬೇಡ ಮಾರಾಯ್ತಿ, ಹೊರಟೆ. ಬಿಸಿ ಮಾಡಿಡು."

ಫೋನಿನಲ್ಲಿ ಇಡೀ ಸಭೆ ಘೊಳ್ಳೆಂದು ನಕ್ಕಿದ್ದು ಕೇಳಿಸಿತು. ಆಮೇಲೆ ಚಪ್ಪಾಳೆ.

"ಗೆದ್ವಿ ಕಣ್ರೀ! ಮುದುಕ ಹಣ ಹಾಕ್ತಾನಂತೆ! ಆ ತಮಾಷೆ ಹೇಗ್ರೀ ಹೊಳೀತು ನಿಮಗೆ?"

ಆರ್ವಿ ಫೋನು ಇಟ್ಟ. ಗಾಡಿ ತಿರುಗಿಸಿ, ದಾರಿಯಲ್ಲಿ ಗುರುತು ಹಾಕಬೇಕಿದ್ದ ಊರುಗಳನ್ನೆಲ್ಲ ಬಿಟ್ಟು ನೇರ ಮನೆಗೆ ಓಡಿಸಿದ. ಬಾಗಿಲಲ್ಲಿ ಬೂಟಿನ ಹಿಮ ಕೊಡವಿಕೊಂಡ. ಇಲ್ಲದಿದ್ದರೆ ಲಿಯೋನಾ ಸುಮ್ಮನಿರುತ್ತಿರಲಿಲ್ಲ. ಒಳಗೆ ಒಲೆ ತಣ್ಣಗಿತ್ತು. ಇಷ್ಟು ಅವಸರ ಯಾಕೆ ಮಾಡಿದೆನೆಂದು ಅವನಿಗೆ ಆಗ ತಿಳಿಯಿತು.

ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತು ಯಂತ್ರ ತೆಗೆದ. "ತಡವಾಯ್ತು ಲಿಯೋನಾ, ಈಗ ಬಂದೆ" ಎಂದು ಬರೆದು ಕಳಿಸಿದ.

"ತಲುಪಿತು" ಎಂದಿತು ಆಫೀಸಿನ ಕಂಪ್ಯೂಟರು.